ಹೊಸ ಕಣ್ಣಿನ ಕುರ್ಚಿ

ಪರದೆ ವಿನ್ಯಾಸಕರ ಬಳಗಕ್ಕೆ ಹನ್ನೆರಡು ವರ್ಷ ತುಂಬುವ ಹೊತ್ತಿಗೆ, ಮೊದಲ ಸಭೆಯಿಂದ ಒಂದನ್ನೂ ತಪ್ಪಿಸದೆ ಬಂದವರು ಇಬ್ಬರೇ ಉಳಿದಿದ್ದರು. ಒಬ್ಬರು ಬಳಗ ಕಟ್ಟಿದ ಕನ್ನಡಕದಣ್ಣ. ಇನ್ನೊಬ್ಬಳು ನಾನು. ನಾನು ಬಳಗದವಳಲ್ಲ.

ನನ್ನ ದೊಡ್ಡಮ್ಮನ ಹೊಲಿಗೆ ಅಂಗಡಿಯ ಮೇಲಿನ ಕೋಣೆ ಅವರದು. ತಿಂಗಳ ಮೊದಲ ಗುರುವಾರ ಸಂಜೆ ಐದಕ್ಕೆ ಒಬ್ಬೊಬ್ಬರೇ ಮೆಟ್ಟಿಲು ಹತ್ತುತ್ತಿದ್ದರು. ಫೋನಿನಲ್ಲಿ, ಟಿಕೆಟ್ ಯಂತ್ರದಲ್ಲಿ, ಬ್ಯಾಂಕಿನ ಪರದೆಯಲ್ಲಿ ಯಾವ ಗುಂಡಿ ಎಲ್ಲಿರಬೇಕು, ಅದರ ಮೇಲೆ ಏನು ಬರೆದಿರಬೇಕು ಎಂದು ಗೊತ್ತುಮಾಡುವುದು ಅವರ ಕಸುಬು.

"ಒಂದು ಗುಂಡಿ ಎಲ್ಲಿರಬೇಕು ಅಂತ ಹತ್ತು ಜನ ಎರಡು ಗಂಟೆ ಜಗಳ ಆಡ್ತಾರಲ್ಲೇ," ಎಂದು ದೊಡ್ಡಮ್ಮ ನಗುತ್ತಿದ್ದಳು. "ನಾನು ದಿನಕ್ಕೆ ನಲವತ್ತು ಗುಂಡಿ ಹಾಕ್ತೀನಿ. ಯಾರನ್ನ ಕೇಳಿದೀನಿ?"

ಅವರಲ್ಲೊಂದು ಕಟ್ಟಳೆ ಇತ್ತು. ಯಾವ ಪರದೆಯೂ ಆ ಕೋಣೆ ದಾಟುವ ಮೊದಲು, ಅದನ್ನು ಕಂಡೇ ಇರದ ಒಬ್ಬರು ನಡುವಿನ ಕುರ್ಚಿಯಲ್ಲಿ ಕೂತು ಅದನ್ನು ಬಳಸಿ ನೋಡಬೇಕು. ಅದರ ಹೆಸರು ಹೊಸ ಕಣ್ಣಿನ ಕುರ್ಚಿ. ಉಳಿದವರೆಲ್ಲ ಅದರ ಹಿಂದೆ ಕೂರಬೇಕು. ಕೂತವರು ಎಷ್ಟೇ ಕೇಳಲಿ, ಹಿಂದಿನವರು ಉತ್ತರ ಕೊಡುವಂತಿಲ್ಲ, ತಲೆ ಆಡಿಸುವಂತಿಲ್ಲ, ಗಂಟಲೂ ಸರಿಮಾಡಿಕೊಳ್ಳುವಂತಿಲ್ಲ. "ನಾಳೆ ಅವರು ಬೀದಿಯಲ್ಲಿ ನಿಂತು ಒತ್ತುವಾಗ ನಾವೇನು ಹಿಂದೆ ಇರ್ತೀವಾ?" ಎನ್ನುತ್ತಿದ್ದರು ಕನ್ನಡಕದಣ್ಣ.

ಮೊದಲ ಸಭೆಯ ದಿನ ಅವರು ಹೊಸ ಕಣ್ಣು ಹುಡುಕುತ್ತಾ ಕೆಳಗೆ ಬಂದಾಗ ನಾನು ಅಂಗಿಯ ಗುಂಡಿಗೆ ಕಾಜಾ ಹೊಲಿಯುತ್ತಿದ್ದೆ. ಹದಿಮೂರು ವಯಸ್ಸು. ಶಾಲೆ ಬಿಟ್ಟು ಎರಡು ತಿಂಗಳಾಗಿತ್ತು. ಕುರ್ಚಿಯಲ್ಲಿ ಕೂರಿಸಿದರು. ನನಗೆ ಏನೂ ತಿಳಿಯಲಿಲ್ಲ. ಬೆರಳು ಅಲ್ಲಿಗೆ ಇಲ್ಲಿಗೆ ಅಲೆಯಿತು, ಕಿವಿ ಬಿಸಿಯಾಯಿತು. ಹಿಂದೆ ಆರು ಪೆನ್ನುಗಳು ಸರಸರ ಬರೆಯುತ್ತಿದ್ದವು. ಮುಗಿದ ಮೇಲೆ ಕನ್ನಡಕದಣ್ಣ, "ತಪ್ಪು ನಿನ್ನದಲ್ಲಮ್ಮ, ಪರದೆಯದು," ಎಂದರು. ಅಲ್ಲಿಯವರೆಗೆ ಆ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ.

ಮುಂದಿನ ತಿಂಗಳೂ ಕರೆದರು, ಅದರ ಮುಂದಿನ ತಿಂಗಳೂ ಕರೆದರು. ಬಳಗದವರು ಬದಲಾದರು. ಕೆಲವರು ಊರು ಬಿಟ್ಟರು, ಕೆಲವರು ಕಸುಬು ಬಿಟ್ಟರು. ಕುರ್ಚಿಯಲ್ಲಿ ಮಾತ್ರ ನಾನೇ.

ನಾಲ್ಕನೇ ವರ್ಷಕ್ಕೆ ನನಗೆ ಎಲ್ಲ ತಿಳಿದುಹೋಗಿತ್ತು. ಮೂಲೆಯ ಮೂರು ಗೆರೆಯ ಹಿಂದೆ ಏನು ಅಡಗಿಸುತ್ತಾರೆ, ಬೂದು ಬಣ್ಣದ ಗುಂಡಿ ಯಾಕೆ ಒತ್ತಲಾಗದು, ಎಲ್ಲವೂ. ಒಂದು ಗುರುವಾರ ಅರ್ಧ ನಿಮಿಷದಲ್ಲಿ ಮುಗಿಸಿಬಿಟ್ಟೆ. "ಚೆನ್ನಾಗಿದೆ, ಥ್ಯಾಂಕ್ಸ್ ಅಮ್ಮ," ಎಂದು ಬಾಗಿಲು ತೆರೆದರು. ಮೆಟ್ಟಿಲಿಳಿದು ಬಂದರೆ ದೊಡ್ಡಮ್ಮ ಬಟ್ಟೆಯಿಂದ ತಲೆ ಎತ್ತಲಿಲ್ಲ. ಮೇಲೆ ಕುರ್ಚಿ ಸರಿಸುವ ಸದ್ದು, ನಗು. ಆ ತಿಂಗಳೆಲ್ಲ ನನ್ನನ್ನು ಯಾರೂ ನೋಡಿದ ನೆನಪಿಲ್ಲ.

ಅಂದಿನಿಂದ ತಡವರಿಸಲು ಕಲಿತೆ. ಎರಡನೇ ಪರದೆಯಲ್ಲಿ ಎರಡು ಉಸಿರಿನಷ್ಟು ನಿಲ್ಲುವುದು. ಬೆರಳನ್ನು ಹತ್ತಿರ ಒಯ್ದು ಹಿಂದೆಗೆಯುವುದು. "ಇದು ಏನು?" ಎಂದು ಕೇಳುವುದು. ಹಾಗೆ ಕೇಳಿದಾಗ ಹಿಂದೆ ಎಲ್ಲರೂ ಒಮ್ಮೆಲೇ ಮುಂದಕ್ಕೆ ಬಾಗುವುದು ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು. ತಿಂಗಳಿಗೆ ಅರ್ಧ ಗಂಟೆ. ಎಂಟು ವರ್ಷ.

ಒಮ್ಮೆ ಮಾತ್ರ ತಡವರಿಸಲಿಲ್ಲ. ಹೋದ ವರ್ಷ ಒಬ್ಬ ಹುಡುಗಿ ಬೀದಿ ಕೊನೆಯ ಚಿಕಿತ್ಸಾಲಯಕ್ಕೆಂದು ರೋಗಿಗಳಿಗೆ ಸರದಿ ಚೀಟಿ ಕೊಡುವ ಪರದೆ ಮಾಡಿ ತಂದಿದ್ದಳು. ಅವಳ ಮೊದಲ ಕೆಲಸ. ನೀರು ಮುಗಿದ ಲೋಟವನ್ನೇ ಮತ್ತೆ ಮತ್ತೆ ಬಾಯಿಗೆ ಒಯ್ಯುತ್ತಿದ್ದಳು. ಪಾಪ ಅನ್ನಿಸಿ, ಎಲ್ಲೂ ನಿಲ್ಲದೆ ಮುಗಿಸಿಕೊಟ್ಟೆ. ಎಲ್ಲರೂ ಅವಳ ಬೆನ್ನು ತಟ್ಟಿದರು.

ಈ ವರ್ಷ ಆ ಪರದೆಯ ಯಂತ್ರವನ್ನು ಚಿಕಿತ್ಸಾಲಯದಲ್ಲಿ ತಂದು ಇಟ್ಟರು. ಮೊಣಕಾಲು ನೋವೆಂದು ಅಲ್ಲಿಗೆ ಹೋದ ದೊಡ್ಡಮ್ಮ ಒಂದು ಗಂಟೆಯಲ್ಲಿ ವಾಪಸು ಬಂದಳು.

"ಡಾಕ್ಟ್ರು ಏನಂದ್ರು?"

"ಒಳಗೇ ಹೋಗ್ಲಿಲ್ಲ. ಆ ಪೆಟ್ಟಿಗೆ ನನ್ನ ಮಾತು ಕೇಳ್ಲಿಲ್ಲ. ಹಿಂದೆ ಜನ ಗೊಣಗ್ತಾ ಇದ್ರು." ಸೂಜಿಗೆ ದಾರ ಪೋಣಿಸುತ್ತಾ ಹೇಳಿದಳು, "ಹೋಗ್ಲಿ ಬಿಡು. ನನಗೇ ತಲೆ ಇಲ್ಲ."

ಮರುದಿನ ನಾನೇ ಹೋಗಿ ನೋಡಿದೆ. ಕೊನೆಯ ಗುಂಡಿ ಪರದೆಯ ಕೆಳಗೆ, ಕಾಣದ ಜಾಗದಲ್ಲಿತ್ತು. ಬೆರಳಿಂದ ಮೇಲಕ್ಕೆ ಎಳೆದರೆ ಮಾತ್ರ ಬರುತ್ತಿತ್ತು. ಎಳೆಯಬೇಕೆಂಬ ಗುರುತು ಎಲ್ಲೂ ಇರಲಿಲ್ಲ. ಅಂದು ಕುರ್ಚಿಯಲ್ಲಿ ನನ್ನ ಬೆರಳು ತಾನಾಗಿ ಎಳೆದಿತ್ತು.

ಅದೇ ವಾರ ಕನ್ನಡಕದಣ್ಣ ಒಂದು ದಪ್ಪ ಪುಸ್ತಕ ಹಿಡಿದು ಅಂಗಡಿಗೆ ಬಂದರು. ಬಳಗದ ಇತಿಹಾಸ ಬರೆಯುತ್ತಿದ್ದರು.

"ನಂದು ಮರೆವಿನ ತಲೆ. ಏನಾದ್ರೂ ಬಿಟ್ಟುಹೋಗಿದ್ರೆ ಹೇಳಮ್ಮ."

ಕೊನೆಯ ಹಾಳೆಗಳಲ್ಲಿ ಒಂದು ಪಟ್ಟಿ ಇತ್ತು: ಹೊಸ ಕಣ್ಣಿನ ಕುರ್ಚಿಯಲ್ಲಿ ಗೆದ್ದ ಪರದೆಗಳು. ತೊಂಬತ್ತಕ್ಕೂ ಹೆಚ್ಚು. ಚಿಕಿತ್ಸಾಲಯದ್ದರ ಮುಂದೆ, "ನಲವತ್ತು ಸೆಕೆಂಡ್. ಎಲ್ಲೂ ತಡೆಯಿಲ್ಲ," ಎಂದಿತ್ತು.

ಹೇಳಿದರೆ ಕುರ್ಚಿ ಹೋಗುತ್ತದೆ. ಹೇಳದಿದ್ದರೆ ಮುಂದಿನ ಗುರುವಾರ ಐದಕ್ಕೆ ಅವರು ಮತ್ತೆ ಕರೆಯುತ್ತಾರೆ. ಒಳಗೆ ದೊಡ್ಡಮ್ಮ ಕಾಲು ನೀವಿಕೊಳ್ಳುತ್ತಿದ್ದಳು.

"ನನಗೆ ಎಲ್ಲ ಗೊತ್ತಿರುತ್ತೆ ಅಣ್ಣ," ಎಂದೆ. "ಗೊತ್ತಿಲ್ಲದ ಹಾಗೆ ಮಾಡ್ತಿದ್ದೆ."

ಅವರು ಪರವಾಗಿಲ್ಲ ಎನ್ನಲಿ ಎಂದು ಕಾದೆ. ಕುರ್ಚಿಯ ಹಿಂದೆ ಕೂತಾಗ ಇರುವ ಹಾಗೆಯೇ ಇದ್ದರು. ಹಾಗಾಗಿ ನಾನು ಪೂರ್ತಿ ಹೇಳಬೇಕಾಯಿತು. ನಿಲ್ಲುತ್ತಿದ್ದ ಎರಡು ಉಸಿರು, ಆ ಹುಡುಗಿಯ ಖಾಲಿ ಲೋಟ, ದೊಡ್ಡಮ್ಮ.

ಕೊನೆಗೆ ಕೇಳಿದರು, "ಎಷ್ಟು ವರ್ಷ?"

"ಎಂಟು."

ಕನ್ನಡಕ ತೆಗೆದು ಅಂಗಿಯ ತುದಿಯಿಂದ ಬಹಳ ಹೊತ್ತು ಒರೆಸಿದರು. "ಹೊಸ ಕಣ್ಣು ಅಂತ ಹನ್ನೆರಡು ವರ್ಷ ಒಂದೇ ಕಣ್ಣನ್ನ ಕರೆದಿದೀವಿ," ಎಂದರು. "ನಮ್ಮಲ್ಲಿ ಒಬ್ಬರಿಗಾದ್ರೂ ಹೊಳೀಬೇಕಿತ್ತಲ್ಲ. ಇದನ್ನ ಇತಿಹಾಸದಲ್ಲಿ ಬರೀಲಾ?"

"ಬರೀರಿ."

ಅಲ್ಲೇ ನಿಂತು ಬರೆದರು. ಏನು ಬರೆದರೆಂದು ನಾನು ಬಗ್ಗಿ ನೋಡಲಿಲ್ಲ.

ಗುರುವಾರ ಬಂತು. ಐದಕ್ಕೆ ಮೆಟ್ಟಿಲ ಮೇಲೆ ಹೆಜ್ಜೆಗಳು. ಒಂಬತ್ತು ಜನ ಎಂದು ಎಣಿಸಿದೆ. ಯಾರೂ ಕೆಳಗೆ ಬರಲಿಲ್ಲ. ಒಂದು ಅಂಗಿಗೆ ಆರು ಕಾಜಾ ಮುಗಿಸಿದೆ, ಏಳನೆಯದು ಸೊಟ್ಟಗಾಯಿತು, ಬಿಚ್ಚಿದೆ. ಆಗ ಕನ್ನಡಕದಣ್ಣ ಇಳಿದು ಬಂದರು. ನನ್ನನ್ನು ದಾಟಿ ದೊಡ್ಡಮ್ಮನ ಮುಂದೆ ನಿಂತರು.

"ಚಿಕಿತ್ಸಾಲಯದ ಪರದೆ ತಿದ್ದಿದೀವಿ. ನೀವು ಒಂದ್ಸಲ ನೋಡ್ಬೇಕು."

"ನಾನಾ? ನನಗೇನು ಬರುತ್ತೆ?"

"ಬರದೇ ಇರೋರೇ ಬೇಕಾಗಿದೆ."

"ಹಾಗಾದ್ರೆ ನನ್ನ ಬಿಟ್ಟು ಬೇರೆ ಯಾರೂ ಸಿಗಲ್ಲ ಬಿಡಿ," ಎನ್ನುತ್ತಾ ದೊಡ್ಡಮ್ಮ ಎದ್ದಳು. ಮೆಟ್ಟಿಲು ಹತ್ತಲು ನನ್ನ ಭುಜ ಹಿಡಿದಳು.

ಅವಳು ನಡುವಿನ ಕುರ್ಚಿಯಲ್ಲಿ ಕೂತಳು, ಕೊರಳಲ್ಲಿ ಅಳತೆಯ ಟೇಪು ಹಾಗೇ ಜೋತಿತ್ತು. ನಾನು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಬಾಗಿಲ ಬಳಿ ಉಳಿದೆ. ಚೀಟಿಯ ಪರದೆ ಮಾಡಿದ ಹುಡುಗಿ ಹಿಂದಿನ ಸಾಲಿನ ಖಾಲಿ ಕುರ್ಚಿ ತೋರಿಸಿ, ಒಂದು ಹಾಳೆ, ಒಂದು ಪೆನ್ನು ಕೊಟ್ಟಳು. ನನ್ನ ಮುಖ ನೋಡಲಿಲ್ಲ.

ದೊಡ್ಡಮ್ಮನ ಬೆರಳು ಮೊದಲ ಪರದೆ ದಾಟಿತು, ಎರಡನೆಯದನ್ನೂ ದಾಟಿತು. ಮೂರನೆಯದರಲ್ಲಿ ಗಾಳಿಯಲ್ಲೇ ನಿಂತಿತು. ಎಲ್ಲಿ ಒತ್ತಬೇಕೆಂದು ನನಗೆ ಗೊತ್ತಿತ್ತು.

"ಇಲ್ಲೇನಾ?" ಎಂದು ಅವಳು ತಿರುಗಿ ಹುಡುಕಿದಳು. ಎಲ್ಲರ ತಲೆ ಹಾಳೆಯ ಮೇಲಿತ್ತು. ಅವಳ ಕಣ್ಣು ನನ್ನ ಮೇಲೆ ನಿಂತಿತು. "ಹೇಳೇ."

ನಾನು ತಲೆ ತಗ್ಗಿಸಿ, ಬೆರಳು ನಿಂತ ಜಾಗವನ್ನು ಬರೆದುಕೊಂಡೆ. ನಾನು ಕೂತ ಹಿಂದಿನ ಸಾಲಿನ ಕುರ್ಚಿ ತಣ್ಣಗಿತ್ತು. ನನ್ನ ಬೆನ್ನ ಹಿಂದೆ ಗೋಡೆ ಮಾತ್ರ ಇತ್ತು.