ಡುಲೂತ್‌ಗೆ ಹೊರಟ ಹಾವುರಾಣಿ

ಹಾವು, ಹಲ್ಲಿ, ಆಮೆಗಳನ್ನು ಪೆಟ್ಟಿಗೆಯಲ್ಲಿಟ್ಟು ಜೀವಂತವಾಗಿ ದೂರದೂರಿಗೆ ಕಳಿಸುವ ವಿಷಯದಲ್ಲಿ ನಮ್ಮ ಕ್ಯಾನ್ಸಸ್ ಸೀಮೆಯಲ್ಲಿ ವೆಂಡೆಲ್ ಹಾಸ್‌ನಷ್ಟು ತಿಳಿದವರು ಇನ್ನೊಬ್ಬರಿರಲಿಲ್ಲ. ನಾನು ಹನ್ನೊಂದು ವರ್ಷ ಅವನ ಶೆಡ್ಡಿನಲ್ಲಿ ಪೆಟ್ಟಿಗೆಗಳಿಗೆ ಟೇಪು ಹಚ್ಚಿದವಳು, ಕಂಡದ್ದನ್ನೇ ಹೇಳುತ್ತಿದ್ದೇನೆ. ಮರಿ ಮಾಡಿಸಿ ಸಾಕುವುದು ಅವನ ಪಾಲು, ಕಟ್ಟಿ ಕಳಿಸುವುದು ನನ್ನ ಪಾಲು. ಇಷ್ಟು ವರ್ಷಗಳಲ್ಲಿ ನಾವು ಕಳಿಸಿದ ಒಂದು ಪ್ರಾಣಿಯೂ ದಾರಿಯಲ್ಲಿ ಸತ್ತಿರಲಿಲ್ಲ.

ಈ ಬಗ್ಗೆ ಅವನೊಂದು ಕರಪತ್ರ ಬರೆದು ಅಚ್ಚು ಹಾಕಿಸಿದ್ದ. ಪ್ರತಿ ಪೆಟ್ಟಿಗೆಯೊಳಗೂ ಅದರ ಒಂದು ಪ್ರತಿ ಹೋಗುತ್ತಿತ್ತು. ಸರೀಸೃಪ ಮೇಳಗಳಲ್ಲಿ ವೇದಿಕೆ ಹತ್ತಿದಾಗಲೂ ಅವನು ಅದನ್ನೇ ಹೇಳುತ್ತಿದ್ದ. "ಪ್ರಯಾಣದಲ್ಲಿ ಪ್ರಾಣಿಗೇನೂ ಕಷ್ಟ ಇಲ್ಲ. ಕತ್ತಲೆ ಚೀಲದಲ್ಲಿ ಅದು ಆರಾಮಾಗಿ ಮಲಗಿರುತ್ತೆ. ಕಷ್ಟ ಇರೋದು ನಿಮ್ಮ ತಲೇಲಿ." ಜನ ನಗುತ್ತಿದ್ದರು. ಮೊದಲ ಸಲ ಹಾವು ಕೊಳ್ಳುವವರು ಗಾಬರಿಯಿಂದ ಫೋನ್ ಮಾಡಿದರೆ, ಮಗುವನ್ನು ಮೊದಲ ದಿನ ಶಾಲೆಗೆ ಬಿಡುವ ತಾಯಂದಿರ ಹಾಗೆ ಆಡುತ್ತಾರೆ ಎಂದು ಫೋನಿಟ್ಟ ಮೇಲೆ ಗೇಲಿ ಮಾಡುತ್ತಿದ್ದ.

ಮಾರ್ಚ್ ತಿಂಗಳ ಒಂದು ಸೋಮವಾರ, ಉತ್ತರದ ಚಳಿ ಸೀಮೆಯ ಡುಲೂತ್‌ನಿಂದ ಡೋರೀನ್ ಫೋನ್ ಮಾಡಿದಳು. ಏಳು ವರ್ಷದ ಹಿಂದೆ ಅವನನ್ನು ಬಿಟ್ಟು ಹೋದ ಹೆಂಡತಿ. ಹೋಗುವಾಗ ಬಾಡಿಗೆ ಮನೆಯಲ್ಲಿ ಪ್ರಾಣಿಗಳಿಗೆ ಜಾಗವಿಲ್ಲವೆಂದು ತನ್ನ ಹಾವುರಾಣಿಯನ್ನು ಇಲ್ಲೇ ಬಿಟ್ಟಿದ್ದಳು. ಪಿಕಲ್ ಅಂತ ಅದರ ಹೆಸರು. ಆಸ್ಟ್ರೇಲಿಯಾ ಕಡೆಯ ಜಾತಿ, ಮೊಳದುದ್ದದ ದಪ್ಪ ಮೈ, ಗಿಡ್ಡ ಕಾಲು, ಕೋಪ ಬಂದರೆ ಹೊರಚಾಚುವ ನೀಲಿ ನಾಲಿಗೆ. ಈಗ ಸ್ವಂತ ಮನೆ ಕೊಂಡಿದ್ದಾಳೆ, ಪಿಕಲ್ ಬೇಕು. ಫೋನಿನ ಸ್ಪೀಕರ್ ಹಾಕಿದ್ದರಿಂದ ನನಗೂ ಎಲ್ಲ ಕೇಳಿಸಿತು.

"ಅದಕ್ಕೆ ಹದಿನಾಲ್ಕು ವರ್ಷ ಆಯ್ತು, ಡೋರೀನ್. ಈ ವಯಸ್ಸಲ್ಲಿ ಅಷ್ಟು ದೂರ..."

"ಯಾಕೆ, ನಿನ್ನ ಕರಪತ್ರದಲ್ಲಿ ವಯಸ್ಸಾದವಕ್ಕೆ ಬೇರೆ ಕಾನೂನಿದ್ಯಾ?"

"ಚಳಿ ಇನ್ನೂ ಬಿಟ್ಟಿಲ್ಲ."

"ಹೋದ ವಾರ ನಮ್ಮ ಪಕ್ಕದ ಬೀದಿ ಹುಡುಗಿಗೆ ನೀನೇ ಹಾವಿನ ಮರಿ ಕಳಿಸಿದ್ದೀಯ. ಬೆಳಿಗ್ಗೆ ಹತ್ತಕ್ಕೆ ಬಂತಂತೆ. ಊರಿಗೆಲ್ಲ ನಲವತ್ತೊಂಬತ್ತು ಡಾಲರಿಗೆ ಕಳಿಸ್ತೀಯಲ್ಲ, ನನಗೂ ಅದೇ ದರ ಹಾಕು. ಕಡಿಮೆ ಮಾಡೋದೇನೂ ಬೇಡ."

ಮಂಗಳವಾರ ಬೆಳಿಗ್ಗೆ ನಾನು ಪೆಟ್ಟಿಗೆ ಸಿದ್ಧ ಮಾಡಿದೆ. ಅವನು ಬಂದು ನಾನು ಹಾಕಿದ್ದನ್ನೆಲ್ಲ ತೆಗೆದು ಮತ್ತೆ ಹಾಕಿದ. ಗಾಳಿಗೆ ನಾಲ್ಕು ತೂತು ಸಾಕಾಗುವಲ್ಲಿ ಹನ್ನೆರಡು ಕೊರೆದ. ಆಮೇಲೆ ಅಷ್ಟು ತೂತಿದ್ದರೆ ಚಳಿ ನುಗ್ಗುತ್ತದೆಂದು ಎಂಟನ್ನು ಮುಚ್ಚಿದ. ಪೆಟ್ಟಿಗೆ ಹಿಡಿದುಕೊಂಡು ಕೊರಿಯರ್ ಕಚೇರಿಗೆ ಹೋದವನು ಒಂದು ಗಂಟೆಯ ಮೇಲೆ ಅದೇ ಪೆಟ್ಟಿಗೆ ಹಿಡಿದುಕೊಂಡು ಬಂದ.

"ಏನಾಯ್ತೋ?"

"ಅಲ್ಲಿದ್ದವನು ಪೆಟ್ಟಿಗೆಗಳನ್ನ ಹೆಂಗೆಂಗೋ ಇಡ್ತಾ ಇದ್ದ ಕಣೆ."

"ಅವನು ಒಂಬತ್ತು ವರ್ಷದಿಂದ ಹಂಗೇ ಇಡ್ತಾ ಇದ್ದಾನೆ."

"ನಾನೇ ಹೋಗಿ ಬಿಟ್ಟು ಬರ್ತೀನಿ."

"ವೆಂಡೆಲ್, ಅದು ಏಳುನೂರು ಮೈಲಿ."

"ಆ ಕಡೆ ಒಬ್ಬರು ಗಿರಾಕಿನೂ ನೋಡೋದಿತ್ತು," ಅಂದ. ಯಾವ ಗಿರಾಕಿ ಎಂದು ನಾನು ಕೇಳಲಿಲ್ಲ. ವಿಳಾಸಗಳೆಲ್ಲ ನನ್ನ ಹತ್ತಿರವೇ ಇರುತ್ತಿದ್ದವು.

ಬುಧವಾರ ನಸುಕಿನಲ್ಲೇ ಹೊರಟ. ಮುಂದಿನ ಸೀಟಿಗೆ ಪಿಕಲ್‌ನ ಪಂಜರ, ಅದರ ಸುತ್ತ ಸೀಟ್ ಬೆಲ್ಟು, ಮೇಲೆ ಅವನ ಸ್ವೆಟರು. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಅಯೋವಾದ ಹೊಲಗಳ ನಡುವೆ ಟ್ರಕ್ಕಿನ ಗೇರ್‌ಬಾಕ್ಸ್ ಕೈಕೊಟ್ಟಿತು. ಇಂಜಿನ್ ನಿಂತ ಮೇಲೆ ಹೀಟರೂ ನಿಂತಿತು. ಹೊರಗೆ ಹಿಮ ಬೀಳುತ್ತಿತ್ತು. ಎಳೆದೊಯ್ಯುವ ಗಾಡಿ ಬರುವವರೆಗೆ ಒಂದೂಕಾಲು ಗಂಟೆ ಪಿಕಲ್ ಅನ್ನು ಅಂಗಿಯೊಳಗೆ ಹೊಟ್ಟೆಗೆ ಒತ್ತಿ ಹಿಡಿದುಕೊಂಡು ಕೂತಿದ್ದನಂತೆ. ಬೆಚ್ಚಗಾದ ಮೇಲೆ ಅದು ಅವನ ಹೊಕ್ಕುಳ ಹತ್ತಿರ ಕಚ್ಚಿತಂತೆ.

ಗ್ಯಾರೇಜಿನಿಂದ ವೆಂಡೆಲ್ ನನಗೆ ಫೋನ್ ಮಾಡಿದ. ಬಿಡಿಭಾಗ ಬರುವುದು ಶನಿವಾರ. ಆ ಊರಿಗಿರುವುದು ಒಂದೇ ವಸತಿಗೃಹ, ಅಲ್ಲಿ ಕೋಣೆ ಹಿಡಿದಿದ್ದ, ಆದರೆ ಪ್ರಾಣಿಗಳನ್ನು ಬಿಡುವುದಿಲ್ಲ. ಗ್ಯಾರೇಜಿನ ಒಡತಿ ಮಾರ್ವಾ ಎಂಬಾಕೆ ಮಾತ್ರ, ತಾನು ಸಂಜೆ ಕೊರಿಯರ್ ಕಚೇರಿ ಕಡೆಗೇ ಹೋಗುತ್ತೇನೆ, ಏನಾದರೂ ಕಳಿಸುವುದಿದ್ದರೆ ಕೊಡಿ ಅಂದಿದ್ದಳು.

"ಲೊರೇಟಾ, ಕರಪತ್ರ ಸ್ವಲ್ಪ ಓದು."

"ನೀನೇ ಬರೆದಿದ್ದಲ್ವೇನಯ್ಯಾ?"

"ಓದೇ ಸುಮ್ಮನೆ."

ಓದಿದೆ. "ಗಟ್ಟಿಮುಟ್ಟಾದ ರಟ್ಟಿನ ಪೆಟ್ಟಿಗೆ. ಒಳಗೆ ಸುತ್ತಲೂ ಥರ್ಮೋಕೋಲ್."

"ಮಾರ್ವಾ ಕೊಟ್ಟಳು. ಬ್ರೇಕ್ ಡ್ರಮ್ ಬಂದ ಪೆಟ್ಟಿಗೆ."

"ಪ್ರಾಣಿಯನ್ನು ಬಟ್ಟೆಯ ಚೀಲದಲ್ಲಿಟ್ಟು ಬಾಯಿ ಕಟ್ಟಿ."

"ದಿಂಬಿನ ಚೀಲ ಇದೆ. ವಸತಿಗೃಹದವರದ್ದು. ಮುಂದೆ."

"ಚೀಲ ಅಲುಗದ ಹಾಗೆ ಸುತ್ತ ಕಾಗದದ ಉಂಡೆ ತುಂಬಿ. ಬಿಸಿ ಪೊಟ್ಟಣವನ್ನು ಮುಚ್ಚಳದ ಒಳಬದಿಗೆ ಅಂಟಿಸಿ, ಚೀಲಕ್ಕೆ ತಾಗಬಾರದು."

"ಬೇಟೆಗೆ ಹೋಗೋರು ಕೈ ಬೆಚ್ಚಗೆ ಮಾಡ್ಕೊಳ್ಳೋ ಪೊಟ್ಟಣ ಸಿಕ್ತು. ಅದು ಬೇಗ ಕಾಯುತ್ತೆ, ಬೇಗ ಆರುತ್ತೆ."

"ಕಾಗದ ಸುತ್ತಿ ಎರಡು ಹಾಕು. ಮನೆಗೆ ಕಳಿಸಬೇಡಿ, ಕಚೇರಿಯಲ್ಲೇ ಇರಿಸಿಕೊಳ್ಳುವಂತೆ ಹೇಳಿ, ಪಡೆಯುವವರು ಬೆಳಿಗ್ಗೆ ಹೋಗಿ ತೆಗೆದುಕೊಳ್ಳಲಿ. ಗಾಬರಿಯಾಗಬೇಡಿ."



"ಕೊನೇದು ಅದರಲ್ಲಿದ್ಯಾ?"

"ದಪ್ಪ ಅಕ್ಷರದಲ್ಲಿದೆ."

"ತೆಗೆಸಿಬಿಡಬೇಕು ಅದನ್ನ," ಅಂದ. ಟೇಪು ಎಳೆಯುವ ಸದ್ದು ಕೇಳಿಸತೊಡಗಿತು. ಬಹಳ ಹೊತ್ತು ಕೇಳಿಸಿತು.

ಆಮೇಲೆ ನಾನು ಡೋರೀನ್‌ಗೆ ಫೋನ್ ಮಾಡಿ ನಾಳೆ ಬೆಳಿಗ್ಗೆ ಪೆಟ್ಟಿಗೆ ಬರುತ್ತದೆ ಎಂದು ಹೇಳಿ ಕೊರಿಯರ್ ರಸೀದಿ ಸಂಖ್ಯೆ ಕೊಟ್ಟೆ. ಅವನು ಎಲ್ಲಿದ್ದಾನೆ ಎಂದು ಹೇಳುವ ಮನಸ್ಸಿರಲಿಲ್ಲ, ಆದರೆ ಅವಳು ಸಂಖ್ಯೆ ಹಾಕಿ ನೋಡಿ, ಅಯೋವಾದಿಂದ ಯಾಕೆ ಬರುತ್ತಿದೆ ಎಂದು ಕೇಳಿದಳು, ಹೇಳಬೇಕಾಯಿತು. ಅವಳು ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. "ಊಟ ಗೀಟ ಮಾಡಿದಾನಂತಾ?" ಎಂದು ಕೇಳಿದಳು.

ಗುರುವಾರ ಬೆಳಿಗ್ಗೆ ಒಂಬತ್ತೂಮುಕ್ಕಾಲಿಗೆ ಪಿಕಲ್ ಡುಲೂತ್ ತಲುಪಿತು. ಹನ್ನೊಂದಕ್ಕೆಲ್ಲ ಅದು ಬೇಯಿಸಿದ ಮೊಟ್ಟೆ ತಿನ್ನುತ್ತಿರುವ ಫೋಟೋ ನನಗೆ ಬಂತು. ವೆಂಡೆಲ್‌ಗೆ ಕಳಿಸಿದೆ. ಅವನು ವಸತಿಗೃಹದ ಕೋಣೆಯಲ್ಲಿ ದಿಂಬಿನ ಚೀಲದ ಬಗ್ಗೆ ಮಾಲೀಕರಿಗೆ ವಿವರಣೆ ಕೊಡುತ್ತಿದ್ದ. ಶನಿವಾರ ಟ್ರಕ್ಕು ರಿಪೇರಿಯಾಯಿತು. ನಲವತ್ತೊಂಬತ್ತು ಡಾಲರಿನ ಕೆಲಸಕ್ಕೆ ಅವನು ಒಟ್ಟು ಎಷ್ಟು ತೆತ್ತ ಎಂಬುದನ್ನು ನನಗೆ ಇಂದಿಗೂ ಹೇಳಿಲ್ಲ.

ಅಲ್ಲಿಂದ ಮನೆಗೆ ತಿರುಗಿ ಬರಬಹುದಿತ್ತು. ಬರಲಿಲ್ಲ, ಡುಲೂತ್‌ಗೇ ಹೋದ. ಪಿಕಲ್‌ನ ದೀಪದ ಬಿಸಿ ಸರಿಯಾಗಿದೆಯೋ ನೋಡಬೇಕಿತ್ತಂತೆ. ಬಿಸಿ ಸರಿಯಾಗಿತ್ತು. ಡೋರೀನ್ ಕೋಳಿಮಾಂಸ, ಆಲೂಗಡ್ಡೆ ಬೇಯಿಸಿ ಬಡಿಸಿದಳು. ಪಿಕಲ್ ಇಬ್ಬರನ್ನೂ ನೋಡಿ ನಾಲಿಗೆ ಚಾಚಿ ಮರದ ತೊಗಟೆಯ ಕೆಳಗೆ ಹೋಗಿ ಮಲಗಿತು. ಅವನೂ ಎದ್ದು ಹೊರಟ. ಅವರು ಇನ್ನೇನಾದರೂ ಮಾತಾಡಿದರೋ ಗೊತ್ತಿಲ್ಲ, ಅವನು ಹೇಳಲಿಲ್ಲ.

ಎರಡು ವಾರದ ಮೇಲೆ ನಮ್ಮ ಅಂಗಡಿಯ ವೆಬ್ ಪುಟದಲ್ಲಿ ಡೋರೀನ್‌ಳ ಅಭಿಪ್ರಾಯ ಕಾಣಿಸಿಕೊಂಡಿತು. ಐದು ನಕ್ಷತ್ರಕ್ಕೆ ನಾಲ್ಕು. "ಪ್ರಾಣಿ ಬೆಚ್ಚಗೆ, ಕ್ಷೇಮವಾಗಿ ಬಂತು. ಟೇಪು ಮಾತ್ರ ಅತಿಯಾಯಿತು. ಬಿಚ್ಚಲು ಅರ್ಧ ಗಂಟೆ ಹಿಡಿಯಿತು."

ವೆಂಡೆಲ್ ಅದನ್ನು ಮೂರು ಸಲ ಓದಿದ. "ಅರ್ಧ ಗಂಟೆನಾ? ಅವಳಿಗೆ ಯಾವತ್ತೂ ಕತ್ತರಿ ಹಿಡಿಯೋಕೇ ಬರಲ್ಲ," ಅಂದ. ಉತ್ತರ ಬರೆಯುತ್ತೇನೆಂದು ಕೂತು, ಬರೆದು, ಅಳಿಸಿ, ಸಂಜೆಯವರೆಗೆ ಅಲ್ಲೇ ಇದ್ದ. ಅವತ್ತಿನ ಪೆಟ್ಟಿಗೆಗಳನ್ನೆಲ್ಲ ನಾನೊಬ್ಬಳೇ ಕಟ್ಟಿದೆ.