ಅಮಾವಾಸ್ಯೆ ಕಳೆದ ಮಾರನೆಯ ದಿನ

ಅಮಾವಾಸ್ಯೆ ಕಳೆದರೆ ಗಾಳಿ ತಿರುಗುತ್ತದೆ, ಮಳೆ ಹೋಗುತ್ತದೆ ಎಂದು ತಾಳಗುಂದದಲ್ಲಿ ಹೇಳುತ್ತ ಬಂದವನು ನಾನೇ. ನಾಲ್ಕೈದು ಸಲ ಹಾಗೆ ಆಗಿಯೂ ಇತ್ತು. ಆಗದಿದ್ದುದನ್ನು ಯಾರೂ ನೆನಪಿಡಲಿಲ್ಲ. ನಾನಂತೂ ಇಡಲೇ ಇಲ್ಲ.

ದೀಪಾವಳಿ ಅಮಾವಾಸ್ಯೆಯ ಮಾರನೆಯ ಬೆಳಿಗ್ಗೆ ಪಕ್ಕದ ಕಣದ ಹಾಲಮ್ಮ ಕೇಳಿದಳು: “ಅಣ್ಣಾರೇ, ಮೆಕ್ಕೆಜೋಳ ಹರವ್ಲೇನ್ರೀ?”

“ಅಮಾಸೆ ಕಳೀತಲ್ಲ, ಇನ್ನೆಲ್ಲಿ ಮಳೆ? ಧೈರ್ಯವಾಗಿ ಹರವಮ್ಮ” ಎಂದೆ, ನಾಲ್ಕು ಜನರಿಗೆ ಕೇಳುವಂತೆ.

ಊಟದ ಹೊತ್ತಿಗೆ ಮೊಬೈಲಿಗೆ ಸಂದೇಶ ಬಂತು: ಮೂರು ಗಂಟೆಯ ನಂತರ ಗುಡುಗು ಸಹಿತ ಮಳೆ. ಕೈ ತೊಳೆದವನೇ ಹೋಗಿ ನನ್ನ ರಾಶಿಗೆ ತಾಡಪಾಲು ಹೊದಿಸಿ, ಅಂಚಿಗೆ ಕಲ್ಲು ಹೇರಿದೆ. ಹಾಲಮ್ಮನ ಮನೆ ಅಲ್ಲಿಂದ ಇಪ್ಪತ್ತು ಹೆಜ್ಜೆ. ಹೋಗಿ ಹೇಳಿದರೆ ಬೆಳಗಿನ ನನ್ನ ಮಾತು ನಾನೇ ನುಂಗಬೇಕಿತ್ತು. ಮಳೆ ಬಾರದೆಯೂ ಇರಬಹುದು ಎಂದುಕೊಂಡು ಮನೆಗೆ ಬಂದು ಮಲಗಿದೆ.

ಮೂರಕ್ಕೆ ಹಿಡಿದ ಮಳೆ ಒಂದು ಗಂಟೆ ಬಿಡದೆ ಹೊಡೆಯಿತು. ನಿಂತ ಮೇಲೆ ಹೋದರೆ ಹಾಲಮ್ಮ ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕೂತು ನೆಂದ ಕಾಳನ್ನು ಪುಟ್ಟಿಗೆ ಬಳಿಯುತ್ತಿದ್ದಳು. ನನ್ನನ್ನು ಕಂಡು ಅವಳೇ ಸಂಕೋಚಪಟ್ಟಳು.

“ಕ್ಯಾಲೆಂಡರ್ ನೋಡ್ದೆ ಅಣ್ಣಾರೇ. ಅಮಾಸೆ ತಿಥಿ ಇವತ್ತು ಸಂಜೆತನಕ ಐತಂತ್ರೀ. ನಿಮ್ಮ ಮಾತು ಸುಳ್ಳಲ್ಲ, ನಾನೇ ಅವಸರ ಮಾಡ್ದೆ.”

ನನ್ನ ಬೆನ್ನ ಹಿಂದೆ, ಕಲ್ಲು ಹೇರಿದ ನೀಲಿ ತಾಡಪಾಲು ಇತ್ತು. ಅದು ಅವಳ ಕಣ್ಣಿಗೆ ಬೀಳದಿರಲೆಂದು ಸ್ವಲ್ಪ ಅಡ್ಡ ಸರಿದು ನಿಂತೆ.