ಗೌರಿಯ ಭಾನುವಾರ

ಕಾಗದನಗರದ ಕ್ವಾರ್ಟರ್ಸಿನ ಉಜ್ಜನಪ್ಪನಿಗೆ ಹೆಮ್ಮೆ ಅಂತ ಇದ್ದದ್ದು ಒಂದೇ ವಿಷಯಕ್ಕೆ. ಅವನ ಮನೆಯ ಬಿಳಿ ಬೆಕ್ಕು ಗೌರಿ ಹಾಲು, ಮೊಸರನ್ನ ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ. "ನಮ್ಮನೆ ಬೆಕ್ಕು ಇಲೀನ ಹಿಡಿದ್ರೂ ಬಾಯಿಗೆ ಹಾಕ್ಕೊಳಲ್ಲ" ಎಂದು ಕಾಗದದ ಮಿಲ್ಲಿನ ಕ್ಯಾಂಟೀನಿನಲ್ಲಿ ಎಷ್ಟು ಸಲ ಹೇಳಿದ್ದನೋ. ಗೆಳೆಯರು ಮೀನು ಸಾರು ಕಲಸಿಕೊಳ್ಳುತ್ತಾ ನಗುತ್ತಿದ್ದರು. ನಗಲಿ, ಲಿಂಗ ಕಟ್ಟಿದವರ ಮನೆಯಲ್ಲಿ ಬೆಳೆದ ಬೆಕ್ಕು ಇನ್ನು ಹೇಗಿರುತ್ತದೆ ಎಂಬುದು ಅವನ ವಾದ.

ಗೌರಿಯನ್ನು ಮರಿಯಿಂದ ಸಾಕಿದವಳು ಹೆಂಡತಿ ಬಂಗಾರಮ್ಮ. ಮಕ್ಕಳಿಲ್ಲದ ಮನೆ. ಹೋದ ವರ್ಷ ಅವಳು ಜ್ವರದಲ್ಲಿ ತೀರಿಕೊಂಡ ಮೇಲೆ, ಅವಳನ್ನು ಬಲ್ಲ ಜೀವ ಅಂತ ಆ ಮನೆಯಲ್ಲಿ ಉಳಿದದ್ದು ಗೌರಿ ಒಂದೇ. ಅದು ಅವಳ ಹಳೆಯ ಸೀರೆಯ ಮೇಲೆ ಮಲಗುತ್ತಿತ್ತು. ಉಜ್ಜನಪ್ಪ ಆ ಸೀರೆಯನ್ನು ಒಗೆದಿರಲಿಲ್ಲ, ಮಡಿಸಿಯೂ ಇರಲಿಲ್ಲ. ಶಿಫ್ಟ್ ಮುಗಿಸಿ ಬಂದು ಬೀಗ ತೆಗೆದರೆ ಒಳಗೆ ಯಾರೋ ಇದ್ದಾರೆ ಅನ್ನಿಸುತ್ತಿತ್ತು. ಊಟಕ್ಕೆ ಕೂರುವಾಗ ಒಂದೇ ಮಣೆ. ಅದರ ಜೋಡಿ ಮಣೆ ಎಂದೋ ಕಾಣೆಯಾಗಿತ್ತು. ಕೇಳಿದಾಗ ಬಂಗಾರಮ್ಮ "ಎಲ್ಲೋ ಇರುತ್ತೆ ಬಿಡಿ" ಅಂದಿದ್ದಳು. ನೆಂಟರು ಯಾರೋ ಹೊತ್ತುಕೊಂಡು ಹೋಗಿರಬೇಕೆಂದು ಅವನು ತೀರ್ಮಾನಿಸಿ, ತನ್ನ ಕಡೆಯ ನೆಂಟರನ್ನು ಬಿಟ್ಟು ಅವಳ ಕಡೆಯವರನ್ನೆಲ್ಲ ಬೈದಿದ್ದ.

ಬೇಸಿಗೆಯಲ್ಲಿ ಪಕ್ಕದ ಮನೆಯ ಹಿರಿಯಣ್ಣ ರಿಟೈರಾದ. ಹೆಂಡತಿ ಚೌಡಮ್ಮನ ಜೊತೆ ಶಿವಮೊಗ್ಗದ ವಿನೋಬನಗರದಲ್ಲಿ ಬಾಡಿಗೆ ಮನೆಗೆ ಹೋದ. ಮನೆಯ ಸಾಮಾನೆಲ್ಲ ಲಾರಿ ಹತ್ತಿತು, ಬೂದು ಬಣ್ಣದ ಬೆಕ್ಕು ಮಾತ್ರ ಹತ್ತಲಿಲ್ಲ. ಅದರ ಹೆಸರು ಬೂದಿ. ಬೀಗ ಹಾಕಿದ ಬಾಗಿಲ ಮುಂದೆ ಕೂತು ಕೂಗುತ್ತಿತ್ತು. ಲೈನಿನವರೆಲ್ಲ ಪಾಪ ಅಂದರು, ಪಾಪ ಅಂದು ಒಳಗೆ ಹೋದರು. ಬರಬರುತ್ತಾ ಅದರ ಪಕ್ಕೆಲುಬು ಕಾಣಿಸತೊಡಗಿತು, ಒಂದು ಕಣ್ಣಿನ ತುಂಬ ಗೀಜು ಕಟ್ಟಿತು.

ಒಂದು ಸಂಜೆ ಉಜ್ಜನಪ್ಪನಿಗೆ ತಡೆಯಲಾಗಲಿಲ್ಲ. ಎತ್ತಿಕೊಂಡು ಬಂದು ಕಣ್ಣು ಒರೆಸಿ, ಅಡುಗೆಮನೆಯಲ್ಲಿ ಮೊಸರನ್ನ ಇಟ್ಟ. ಬೂದಿ ಮೂಸಿತು, ಅವನ ಮುಖ ನೋಡಿತು, ಆಮೇಲೆ ಬೇರೆ ಗತಿಯಿಲ್ಲದೆ ತಿಂದಿತು. ಸಜ್ಜೆಯ ಮೇಲಿದ್ದ ಗೌರಿ ಇದನ್ನು ಕಂಡು ಮೈಯೆಲ್ಲ ಉಬ್ಬಿಸಿ, ಕರ್ಕಶವಾಗಿ ಒಂದು ಕೂಗು ಹಾಕಿ, ಕಿಟಕಿಯಿಂದ ಹಾರಿಹೋಯಿತು.

ಆಮೇಲೆ ಅದು ಒಳಗೆ ಕಾಲಿಡಲಿಲ್ಲ. ಸ್ನಾನದ ಮನೆಯ ಶೀಟಿನ ಮೇಲೆ ಬೆನ್ನು ತಿರುಗಿಸಿ ಕೂತಿರುತ್ತಿತ್ತು. ಅನ್ನದ ತಟ್ಟೆಯನ್ನು ಅಲ್ಲಿಗೇ ಎತ್ತಿ ಇಟ್ಟರೂ ಮೂಸಿ ಬಿಡುತ್ತಿತ್ತು. ಅದಕ್ಕೆ ಮೊದಲೇ ಸೊರಗಿತ್ತು, ಬಂಗಾರಮ್ಮನ ಕೊರಗು ಅಂತ ಅವನು ಅಂದುಕೊಂಡಿದ್ದ. ಈಗ ಮೂಳೆ ಎದ್ದು ಕಾಣುತ್ತಿತ್ತು. "ಬಾರೇ ನನ್ನವ್ವ, ಒಳಗೆ ಬಾ" ಎಂದು ಐವತ್ತು ದಾಟಿದ ಗಂಡಸು ಬಚ್ಚಲ ಹಿಂದೆ ನಿಂತು ಅಂಗಲಾಚಿದ. ಒಳಗೆ ಸೀರೆ ಖಾಲಿ ಬಿದ್ದಿತ್ತು. ಗೌರಿಯೂ ಹೋದರೆ ಬಂಗಾರಮ್ಮ ಇನ್ನೊಂದು ಸಲ ಸತ್ತ ಹಾಗೆ ಎಂದು ಅವನಿಗೆ ಹೆದರಿಕೆಯಾಯಿತು.

ಬೂದಿಯನ್ನು ಹೊಳೆ ದಾಟಿಸಿ ಬಿಡು, ವಾಪಸ್ ಬರಲ್ಲ ಅಂದರು ಕ್ಯಾಂಟೀನಿನವರು. ಅದಕ್ಕೆ ಮನಸ್ಸು ಒಪ್ಪಲಿಲ್ಲ. ಸಾಕಿದವರ ಮನೆಗೇ ಬಿಟ್ಟು ಬರೋಣ ಅಂದುಕೊಂಡ. ಭಾನುವಾರ ಅದನ್ನು ಗೋಣಿಚೀಲಕ್ಕೆ ಹಾಕಿ ಬಾಯಿ ಕಟ್ಟಿ, ದಾರಿ ಗುರುತು ಸಿಗಬಾರದೆಂದು ಹಿರಿಯರು ಮಾಡುತ್ತಿದ್ದಂತೆ ಚೀಲವನ್ನು ಗರಗರ ಸುತ್ತಿಸಿದ. ಬೂದಿಗಿಂತ ಮೊದಲು ಅವನಿಗೇ ತಲೆ ತಿರುಗಿತು.

ಶಿವಮೊಗ್ಗದ ಮನೆಯಲ್ಲಿ ಚೌಡಮ್ಮ ಚೀಲದ ಬಾಯಿ ಬಿಚ್ಚಿ ಬೂದಿಯನ್ನು ಮಡಿಲಿಗೆ ಹಾಕಿಕೊಂಡು ಅತ್ತಳು. "ನಾನೇನ್ ಮಾಡ್ಲಿ ಅಣ್ಣ? ಓನರ್ರು ಬೆಕ್ಕು ಬೇಡ ಅಂತ ಮೊದ್ಲೇ ಹೇಳ್ಬಿಟ್ರು."

"ನಂಗೊಂದು ಮಾತು ಹೇಳ್ಬೋದಿತ್ತು."

"ನಿಮ್ಮ ಬಾಗ್ಲ ತನಕ ಬಂದಿದ್ದೆ. ಬಾಯೇ ಬರ್ಲಿಲ್ಲ."

"ಇದನ್ನ ಒಳಗೆ ಕರ್ಕೊಂಡಿದ್ದಕ್ಕೆ ಗೌರಿ ಮನೆ ಬಿಟ್ಟಿದೆ. ಅನ್ನ ಮುಟ್ಟಲ್ಲ. ನೀವು ಹೋದಾಗಿಂದ ಬಡಕಲಾಗ್ತಾನೇ ಇದೆ."

ಚೌಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಿಮ್ಗೆ ಹೇಳ್ಬಾರ್ದು ಅಂತ ಅಕ್ಕ ಆಣೆ ಹಾಕ್ಸಿದ್ರು. ಈಗ ಅಕ್ಕನೇ ಇಲ್ಲ, ಹೇಳ್ತೀನಿ. ನಿಮ್ಮ ಗೌರಿ ನಮ್ಮ ಹಿತ್ಲಲ್ಲಿ ಭಾನುವಾರ ಭಾನುವಾರ ಮೀನು ತಿಂತಿತ್ತು. ಉಳಿದ ದಿನ ಒಣಮೀನು. ಬೂದಿ ಜೊತೆ ಒಂದೇ ತಟ್ಟೇಲಿ. ಬೂದಿ ವಿಷ್ಯ ಎತ್ತಿದ್ರೆ ಇದೂ ನಿಮ್ಗೆ ಗೊತ್ತಾಗುತ್ತೆ ಅಂತಾನೇ ನಾನು ಎತ್ತಲಿಲ್ಲ."

ಉಜ್ಜನಪ್ಪ ಕ್ಯಾಂಟೀನಿನಲ್ಲಿ ಮಾಡಿದ ಭಾಷಣಗಳೆಲ್ಲ ಅವನ ಮುಂದೆ ಸಾಲಾಗಿ ಬಂದು ನಿಂತವು. ಮೆಲ್ಲಗೆ ಕೇಳಿದ, "ಅವಳೂ ತಿಂತಿದ್ಲಾ?"

"ಇಲ್ಲ ಮಾರಾಯ್ರೆ. ಸೆರಗು ಮೂಗಿಗೆ ಹಿಡ್ಕೊಂಡು ಕೂತಿರ್ತಿದ್ರು. ನಾನು ಮೀನು ಉಜ್ತಿದ್ದೆ, ಅಕ್ಕ ಮಾತಾಡ್ತಿದ್ರು. ಎಷ್ಟು ಮಾತು, ಎಷ್ಟು ನಗು. ನಿಮ್ಮ ಸೈಕಲ್ ಬೆಲ್ ಕೇಳಿದ್ರೆ ಮಾತ್ರ ಅರ್ಧಕ್ಕೇ ಎದ್ದು ಹೋಗ್ತಿದ್ರು."

ಉಜ್ಜನಪ್ಪನ ಬಂಗಾರಮ್ಮ ಮಾತು ಕಡಿಮೆಯ ಹೆಂಗಸು. ಅವನು ರಾತ್ರಿ ಪಾಳಿ ಮುಗಿಸಿ ಹಗಲು ಮಲಗಿದರೆ ಪಾತ್ರೆಯನ್ನೂ ಸದ್ದಾಗದಂತೆ ಇಡುತ್ತಿದ್ದಳು. ಅದು ಅವಳ ಸ್ವಭಾವ ಎಂದೇ ಅವನು ತಿಳಿದಿದ್ದ. ಗೋಡೆಯಾಚೆ ಅವಳು ನಗುತ್ತಿದ್ದಳು, ಈಚೆ ಅವನು ಗೊರಕೆ ಹೊಡೆಯುತ್ತಿದ್ದ.

"ಬೂದೀನ ನಿಮ್ಮನೆ ಒಳಗೆ ಗೌರಿ ಸೇರ್ಸಲ್ಲ ಅಣ್ಣ. ಅದು ಅದರ ಮನೆ. ನಮ್ಮ ಹಳೇ ಮನೆ ಹಿತ್ಲ ಕಟ್ಟೆ ಮೇಲೆ ಇಬ್ರಿಗೂ ಒಟ್ಟಿಗೆ ಹಾಕಿ ನೋಡಿ" ಎಂದು ಚೌಡಮ್ಮ ಒಣಮೀನನ್ನು ಪೇಪರಿನಲ್ಲಿ ಸುತ್ತಿ ಮುಂದೆ ಹಿಡಿದಳು. ಜನ್ಮದಲ್ಲಿ ಮುಟ್ಟದ ವಸ್ತು. ಉಜ್ಜನಪ್ಪ ಕೈ ಚಾಚಿ ತೆಗೆದುಕೊಂಡ.

ಬೂದಿಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಹೊರಟ. ವಾಪಸ್ ಬರುವ ಬಸ್ಸಿನಲ್ಲಿ ಪಕ್ಕದವರು ವಾಸನೆಗೆ ಎದ್ದು ಬೇರೆ ಸೀಟಿಗೆ ಹೋದರು. ಮಲವಗೊಪ್ಪ ದಾಟುವಾಗ ಕಂಡಕ್ಟರ್ ಅವನ ಹಣೆಯ ವಿಭೂತಿ ನೋಡಿ, ಪೊಟ್ಟಣ ನೋಡಿ, "ಏನ್ ಯಜಮಾನ್ರೆ, ಒಣಮೀನಾ?" ಅಂದ.

"ಹೌದು. ಮನೆಗೆ" ಅಂದ ಉಜ್ಜನಪ್ಪ.

ಸಂಜೆ ಪಕ್ಕದ ಬೀಗ ಹಾಕಿದ ಮನೆಯ ಹಿತ್ತಲಿಗೆ ಹೋದ. ಒಣಮೀನನ್ನು ನೆನೆಸಿ ಅನ್ನಕ್ಕೆ ಕಲಸಿ ಕಟ್ಟೆಯ ಮೇಲಿಟ್ಟ. ಬೂದಿ ಓಡಿ ಬಂತು. ಸ್ವಲ್ಪ ಹೊತ್ತಿಗೆ ಶೀಟಿನ ಮೇಲಿಂದ ಗೌರಿ ಇಳಿದು, ಕಾಂಪೌಂಡ್ ಹಾರಿ, ತಟ್ಟೆಯ ಇನ್ನೊಂದು ಬದಿಗೆ ಬಂದು ಕೂತಿತು. ಜಗಳವಿಲ್ಲ, ಗುರುಗುಟ್ಟಲಿಲ್ಲ. ಇಬ್ಬರೂ ತಲೆ ತಗ್ಗಿಸಿ ತಿಂದರು.

ಕೂರಲು ಜಾಗ ಹುಡುಕಿದವನಿಗೆ ಬಟ್ಟೆ ಒಗೆಯುವ ಕಲ್ಲಿನ ಹಿಂದೆ, ಗೋಡೆಗೆ ಒರಗಿಸಿಟ್ಟ ಒಂದು ಮಣೆ ಕಾಣಿಸಿತು. ಧೂಳು ಒರೆಸಿದ. ತನ್ನ ಮನೆಯದೇ. ಜೋಡಿಯಲ್ಲಿ ಕಾಣೆಯಾದದ್ದು.

ಅದನ್ನು ಕಟ್ಟೆಯ ಹತ್ತಿರ ಹಾಕಿಕೊಂಡು, ಟವೆಲ್ಲಿನ ಅಂಚನ್ನು ಮೂಗಿಗೆ ಹಿಡಿದು ಕೂತ. ಮಣೆ ಎಳೆದ ಸದ್ದಿಗೆ ಗೌರಿ ತಿನ್ನುವುದನ್ನು ಅರ್ಧಕ್ಕೆ ಬಿಟ್ಟು, ಅವನನ್ನು ನೋಡಿ, ಹೊರಡಲು ಎದ್ದು ನಿಂತಿತು.

"ಎದ್ದು ಹೋಗ್ಬೇಡ ಕಣೆ" ಅಂದ ಉಜ್ಜನಪ್ಪ. "ನಾನೇ ಬಂದಿರೋದು. ಕೂತ್ಕೋ."

ಗೌರಿ ನಿಂತೇ ಇತ್ತು. ಅವನು ಮನೆಯಲ್ಲಿ ಮಾತಾಡಿ ಅಭ್ಯಾಸವಿಲ್ಲದ ಮನುಷ್ಯ. ಕೊನೆಗೆ ಬಸ್ಸಿನಲ್ಲಿ ಕಂಡಕ್ಟರ್ ಏನು ಕೇಳಿದ, ತಾನೇನು ಹೇಳಿದೆ ಎಂಬುದನ್ನು ಮೊದಲಿನಿಂದ ಹೇಳತೊಡಗಿದ. ಅವನು ಹೇಳುತ್ತಿದ್ದಂತೆ ಗೌರಿ ಮೆಲ್ಲಗೆ ಕೂತು, ಮತ್ತೆ ತಟ್ಟೆಗೆ ಬಾಯಿ ಹಾಕಿತು.